ರಕ್ತನಾಳ ಚಿಗುರುವಾಗ ಜೀನ್‌ಗಳಿಗೆ ಸುದ್ದಿ ಮುಟ್ಟುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಠ್ಯಪುಸ್ತಕದ ಚಿತ್ರದಲ್ಲಿ ಎಲ್ಲವೂ ಸಲೀಸು. ಕೋಶದ ಹೊರಗೊಂದು ಬೆಳವಣಿಗೆ ಅಂಶ, ಅಲ್ಲಿಂದ ಒಳಕ್ಕೆ ಬಾಣಗಳ ಸಾಲು, ಕೊನೆಯ ಬಾಣದ ತುದಿಯಲ್ಲಿ "ಜೀನ್ ಚಾಲೂ" ಎಂಬ ಎರಡು ಪದ. ವಿದ್ಯಾರ್ಥಿಗಳು ಎಡವುವುದು ಆ ಕೊನೆಯ ಬಾಣದಲ್ಲೇ. ಕೆಳಗಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಅದರ ಸುತ್ತಲೇ ಸುತ್ತುತ್ತವೆ.

ಹೊಸ ರಕ್ತನಾಳ ಹುಟ್ಟುವುದು ಎಲ್ಲಿಂದ?

ಎರಡು ದಾರಿಗಳಿವೆ. ಭ್ರೂಣದಲ್ಲಿ ಇನ್ನೂ ಏನೂ ಇಲ್ಲದಿರುವಾಗ ಮಧ್ಯಪದರದ ಬಿಡಿ ಕೋಶಗಳು ಒಟ್ಟುಗೂಡಿ ಮೊದಲ ಕೊಳವೆಗಳನ್ನು ಕಟ್ಟುತ್ತವೆ. ಆಮೇಲಿನ ಬೆಳವಣಿಗೆಯೆಲ್ಲ ಹೆಚ್ಚುಕಡಿಮೆ ಕವಲೊಡೆಯುವ ಕೆಲಸ: ಇರುವ ನಾಳದ ಒಳಪದರದಿಂದ ಚಿಗುರೊಂದು ಹೊರಟು, ಮುಂದೆ ಸಾಗಿ, ಮತ್ತೊಂದು ಚಿಗುರಿಗೆ ಕೂಡಿಕೊಳ್ಳುತ್ತದೆ. ಗಾಯ ಮಾಯುವಾಗ, ಗಡ್ಡೆ ಬೆಳೆಯುವಾಗ ಮುಖ್ಯವಾಗಿ ನಡೆಯುವುದು ಈ ಎರಡನೆಯದು. ನಾಳದ ಒಳಗೋಡೆಗೆ ಹಾಸಿದ ಎಂಡೋಥೀಲಿಯಲ್ ಕೋಶಗಳೇ ಇಲ್ಲಿನ ಪಾತ್ರಧಾರಿಗಳು. ಮುಂದೆ ಇವನ್ನು ಒಳಪದರ ಕೋಶ ಎಂದೇ ಕರೆಯುತ್ತೇನೆ.

ನಾಳ ಬೇಕೆಂದು ಮೊದಲು ಹೇಳುವವರು ಯಾರು?

ಉಸಿರುಕಟ್ಟಿದ ಅಂಗಾಂಶ. ಲೋಮನಾಳದಿಂದ ಆಮ್ಲಜನಕ ಸುಮಾರು 100ರಿಂದ 200 ಮೈಕ್ರೋಮೀಟರ್ ದೂರದವರೆಗೆ ಮಾತ್ರ ಪಸರಿಸಬಲ್ಲದು. ಅದರಾಚೆಗಿನ ಕೋಶ ಹಸಿದಿರುತ್ತದೆ.

ಹಸಿದ ಕೋಶ ಅದನ್ನು ಅರಿಯುವ ಬಗೆ ಸೊಗಸಾಗಿದೆ. ಹಿಫ್-1 ಆಲ್ಫಾ ಎಂಬ ಪ್ರೋಟೀನು ಎಲ್ಲ ಕಾಲದಲ್ಲೂ ತಯಾರಾಗುತ್ತಿರುತ್ತದೆ, ಆದರೆ ಆಮ್ಲಜನಕ ಇದ್ದಾಗ ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ನಾಶಕ್ಕೆ ಗುರುತು ಹಾಕುವ ಕಿಣ್ವಗಳಿಗೆ ಆಮ್ಲಜನಕವೇ ಕಚ್ಚಾವಸ್ತು. ಅದು ಕಡಿಮೆಯಾದರೆ ಗುರುತು ಬೀಳುವುದಿಲ್ಲ, ಹಿಫ್ ಉಳಿಯುತ್ತದೆ, ಕೋಶಕೇಂದ್ರಕ್ಕೆ ಹೋಗಿ, ನಾಳ ಚಿಗುರಿಸುವ ವಿಇಜಿಎಫ್ ಎಂಬ ಬೆಳವಣಿಗೆ ಅಂಶದ ಜೀನನ್ನು ಓದಿಸುತ್ತದೆ, ಎಂದರೆ ಪ್ರೋಟೀನು ತಯಾರಾಗಲು ಅದರ ನಕಲು ತೆಗೆಸುತ್ತದೆ. ಈ ವ್ಯವಸ್ಥೆಯನ್ನು ಬಿಡಿಸಿಟ್ಟ ಗ್ರೆಗ್ ಸೆಮೆಂಜಾ, ಪೀಟರ್ ರ್‍ಯಾಟ್‌ಕ್ಲಿಫ್ ಮತ್ತು ವಿಲಿಯಂ ಕೇಲಿನ್ ಅವರಿಗೆ 2019ರ ನೊಬೆಲ್ ವೈದ್ಯಶಾಸ್ತ್ರ ಪ್ರಶಸ್ತಿ ಬಂತು. ಹೀಗೆ ಜೀನ್‌ಗಳ ಓದು ಎರಡು ಕಡೆ ಬದಲಾಗುತ್ತದೆ, ಮೊದಲು ಸಂಕೇತ ಕಳಿಸುವ ಕೋಶದಲ್ಲಿ, ಆಮೇಲೆ ಅದನ್ನು ಪಡೆಯುವ ಕೋಶದಲ್ಲಿ. ಹಲವರು ಎರಡನೆಯದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಸ್ನಾಯುವಿಗೆ ಇನ್ನೊಂದು ದಾರಿಯೂ ಇದೆ. ವ್ಯಾಯಾಮದಲ್ಲಿ ಏರುವ ಪಿಜಿಸಿ-1 ಆಲ್ಫಾ ಎಂಬ ಪ್ರೋಟೀನು ಹಿಫ್‌ನ ಹಂಗಿಲ್ಲದೆಯೇ ವಿಇಜಿಎಫ್ ಹೆಚ್ಚಿಸಬಲ್ಲದು.

ವಿಇಜಿಎಫ್ ಯಾವಾಗ ಪತ್ತೆಯಾಯಿತು?

1983ರಲ್ಲಿ ಹೆರಾಲ್ಡ್ ಡ್ವೊರಾಕ್ ಅವರ ತಂಡ ಗಡ್ಡೆಗಳಿಂದ ಒಸರುವ, ನಾಳಗಳನ್ನು ಸೋರುವಂತೆ ಮಾಡುವ ಅಂಶವೊಂದನ್ನು ವರದಿ ಮಾಡಿತು. 1989ರಲ್ಲಿ ನೆಪೋಲಿಯೋನ್ ಫೆರಾರಾ ತಂಡ ಒಳಪದರ ಕೋಶಗಳನ್ನು ಬೆಳೆಸುವ ಅಂಶವನ್ನು ಬೇರ್ಪಡಿಸಿತು. ಎರಡೂ ಒಂದೇ ಎಂದು ಆಮೇಲೆ ತಿಳಿಯಿತು. ಸೋರಿಸುವುದೂ ಬೆಳೆಸುವುದೂ ಒಂದೇ ಅಣುವಿನ ಕೆಲಸ. ಈ ಇಬ್ಬಗೆಯನ್ನು ನೆನಪಿಡಿ, ಚಿಕಿತ್ಸೆಯ ಪ್ರಶ್ನೆ ಬಂದಾಗ ಬೇಕಾಗುತ್ತದೆ.

ವಿಇಜಿಎಫ್ ಕೋಶಕೇಂದ್ರದೊಳಗೆ ಹೋಗಿ ಜೀನ್‌ಗಳನ್ನು ಮುಟ್ಟುತ್ತದೆಯೇ?

ಅದರ ಅಗತ್ಯವಿಲ್ಲ. ಅದು ಕೋಶದ ಹೊರಮೈಯ ಗ್ರಾಹಕಕ್ಕೆ ಅಂಟಿಕೊಂಡರೆ ಸಾಕು. ಸುದ್ದಿ ಒಳಕ್ಕೆ ಹೋಗುತ್ತದೆ, ಸುದ್ದಿಗಾರ ಹೋಗಬೇಕಿಲ್ಲ.

ಹಾಗಾದರೆ ಸುದ್ದಿ ಒಳಗೆ ಮುಟ್ಟುವುದು ಹೇಗೆ?

ಒಳಪದರ ಕೋಶದ ಮೇಲೆ ವಿಇಜಿಎಫ್ ಗ್ರಾಹಕ-2 ಇರುತ್ತದೆ. ವಿಇಜಿಎಫ್ ಜೋಡಿ ಅಣು. ಅದು ಎರಡು ಗ್ರಾಹಕಗಳನ್ನು ಎಳೆದು ಒಟ್ಟಿಗೆ ನಿಲ್ಲಿಸುತ್ತದೆ, ಅವು ಪರಸ್ಪರ ಫಾಸ್ಫೇಟ್ ಗುಂಪುಗಳನ್ನು ಅಂಟಿಸಿಕೊಳ್ಳುತ್ತವೆ. ಮನುಷ್ಯರ ಗ್ರಾಹಕದಲ್ಲಿ 1175ನೆಯ ಸ್ಥಾನದ ಟೈರೋಸಿನ್ ಇದಕ್ಕೆ ಮುಖ್ಯ ತಾಣ. ಅಲ್ಲಿಗೆ ಫಾಸ್ಫೊಲೈಪೇಸ್-ಸಿ ಗಾಮಾ ಎಂಬ ಕಿಣ್ವ ಬಂದು ಕೂರುತ್ತದೆ. ಅಲ್ಲಿಂದ ದಾರಿ ಕವಲಾಗುತ್ತದೆ.

ಒಂದು ಕವಲು ಸರಪಳಿಯಂತೆ ಸಾಗಿ ಎರ್ಕ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಎರ್ಕ್ ಕೋಶಕೇಂದ್ರಕ್ಕೆ ನುಗ್ಗಿ ಅಲ್ಲಿನ ಲಿಪ್ಯಂತರ ಅಂಶಗಳಿಗೆ, ಎಂದರೆ ಡಿಎನ್‌ಎ ಮೇಲೆ ಕುಳಿತು ಜೀನ್‌ಗಳನ್ನು ಓದಿಸುವ ಪ್ರೋಟೀನುಗಳಿಗೆ, ಫಾಸ್ಫೇಟ್ ಅಂಟಿಸುತ್ತದೆ. ಇನ್ನೊಂದು ಕವಲಿನಲ್ಲಿ ಕೋಶದೊಳಗಿನ ಕ್ಯಾಲ್ಸಿಯಂ ಏರುತ್ತದೆ. ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಎನ್‌ಫ್ಯಾಟ್ ಎಂಬ ಅಂಶದಿಂದ ಫಾಸ್ಫೇಟ್ ಕಿತ್ತುಹಾಕುತ್ತದೆ, ಎನ್‌ಫ್ಯಾಟ್ ಒಳಗೆ ಹೋಗುತ್ತದೆ. ಗಮನಿಸಿ: ಒಂದು ಕಡೆ ಫಾಸ್ಫೇಟ್ ಅಂಟಿಸಿದರೆ ಕೆಲಸ ಶುರು, ಇನ್ನೊಂದು ಕಡೆ ಕಿತ್ತರೆ ಶುರು. "ಫಾಸ್ಫೇಟ್ ಎಂದರೆ ಚಾಲೂ" ಎಂದು ಬಾಯಿಪಾಠ ಮಾಡಿಕೊಂಡವರು ಅದನ್ನು ಮರೆಯುವುದು ಒಳ್ಳೆಯದು.

ನನಗೆ ಹೆಚ್ಚು ಇಷ್ಟವಾದದ್ದು ಮೂರನೆಯ ಕವಲು. ಎಂಇಎಫ್2 ಎಂಬ ಲಿಪ್ಯಂತರ ಅಂಶ ಮೊದಲಿಂದಲೂ ಡಿಎನ್‌ಎ ಮೇಲೆ ಕುಳಿತೇ ಇರುತ್ತದೆ, ಆದರೆ ಅದರ ಹೆಗಲ ಮೇಲೆ ಎಚ್‌ಡ್ಯಾಕ್7 ಎಂಬ ಪ್ರೋಟೀನು ಹೇರಿಕೊಂಡಿರುತ್ತದೆ. ವಿಇಜಿಎಫ್ ಬಂದಾಗ ಎಚ್‌ಡ್ಯಾಕ್7ಕ್ಕೆ ಫಾಸ್ಫೇಟ್ ಅಂಟಿ ಅದು ಕೋಶಕೇಂದ್ರದಿಂದ ಹೊರದಬ್ಬಲ್ಪಡುತ್ತದೆ. ಭಾರ ಇಳಿದ ಎಂಇಎಫ್2 ತನ್ನ ಕೆಲಸ ಹಿಡಿಯುತ್ತದೆ. ಇಲ್ಲಿ ಯಾರೂ ಹೊಸದಾಗಿ ಒಳಗೆ ಬಂದಿಲ್ಲ, ಇದ್ದವರೊಬ್ಬರು ಹೊರಗೆ ಹೋದರು, ಅಷ್ಟೇ. ಎಚ್‌ಡ್ಯಾಕ್7 ಇಲ್ಲದ ಇಲಿ ಭ್ರೂಣಗಳು ನಾಳಗಳು ಒಡೆದು ಸಾಯುತ್ತವೆ. ಆ ಭಾರವೂ ಸುಮ್ಮನೆ ಇಟ್ಟದ್ದಲ್ಲ.

ಇದಕ್ಕೆಲ್ಲ ಎಷ್ಟು ಸಮಯ ಹಿಡಿಯುತ್ತದೆ?

ಗ್ರಾಹಕಕ್ಕೆ ಫಾಸ್ಫೇಟ್ ಅಂಟಲು, ಎರ್ಕ್ ಏಳಲು ನಿಮಿಷಗಳು ಸಾಕು. ಇಜಿಆರ್1, ಇಜಿಆರ್3, ಎನ್‌ಆರ್4ಎ1 ಮುಂತಾದ ತುರ್ತು ಜೀನ್‌ಗಳ ನಕಲುಗಳು ಮೊದಲ ಒಂದು ಗಂಟೆಯೊಳಗೇ ಏರಿ ಆಮೇಲೆ ಇಳಿಯುತ್ತವೆ. ಇವುಗಳಲ್ಲಿ ಹಲವು ತಾವೇ ಲಿಪ್ಯಂತರ ಅಂಶಗಳಾದ್ದರಿಂದ ಎರಡನೆಯ ಅಲೆಯನ್ನು ಎಬ್ಬಿಸುತ್ತವೆ. ಆ ಅಲೆಗೆ ಗಂಟೆಗಟ್ಟಲೆ ಬೇಕು.

ಎರ್ಕ್ ಎಲ್ಲ ಕೋಶಗಳಲ್ಲೂ ಇದೆಯಲ್ಲ? ಚರ್ಮದ ಕೋಶದಲ್ಲಿ ಎರ್ಕ್ ಎದ್ದರೆ ರಕ್ತನಾಳದ ಜೀನ್‌ಗಳು ಏಕೆ ಓದಿಸಿಕೊಳ್ಳುವುದಿಲ್ಲ?

ಈ ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಒಂದೊಂದು ಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ, ಪ್ರೋಟೀನಿಗೆ ಸೂಚನೆ ಹೊತ್ತ ಜೀನ್‌ಗಳು ಸುಮಾರು 20,000. ಡಿಎನ್‌ಎ ಹಿಸ್ಟೋನ್ ಪ್ರೋಟೀನುಗಳಿಗೆ ಸುತ್ತಿಕೊಂಡು ಮಡಚಿಟ್ಟಿರುತ್ತದೆ. ಮಡಿಕೆಯೊಳಗಿನ ಜೀನ್ ಯಾರ ಕೈಗೂ ಸಿಗದು. ಎರ್ಕ್ ಎಷ್ಟೇ ಗದ್ದಲ ಎಬ್ಬಿಸಲಿ, ಓದಿಸಿಕೊಳ್ಳುವುದು ತೆರೆದಿರುವ ಪುಟ ಮಾತ್ರ. ಒಳಪದರ ಕೋಶದಲ್ಲಿ ನಾಳದ ಪುಟಗಳು ವಿಇಜಿಎಫ್ ಬರುವ ಮೊದಲೇ ತೆರೆದಿರುತ್ತವೆ.

ತೆರೆದವರು ಯಾರು? ಬಹುಪಾಲು ಎಟ್ಸ್ ಎಂಬ ಕುಟುಂಬದವರು. ಮನುಷ್ಯರಲ್ಲಿ ಈ ಕುಟುಂಬಕ್ಕೆ 28 ಸದಸ್ಯರು. ಅವರೆಲ್ಲ ಡಿಎನ್‌ಎಯಲ್ಲಿ ಹುಡುಕುವುದು ಜಿ-ಜಿ-ಎ-ಎ ಎಂಬ ತಿರುಳುಳ್ಳ ಗುರುತನ್ನು. ಇಲ್ಲೊಂದು ಸಣ್ಣ ಲೆಕ್ಕ ಹಾಕಿ ನೋಡಿ. ನಾಲ್ಕು ಅಕ್ಷರಗಳ ವರ್ಣಮಾಲೆಯಲ್ಲಿ ನಾಲ್ಕಕ್ಷರದ ಪದವೊಂದು ಆಕಸ್ಮಿಕವಾಗಿಯೇ ಸರಾಸರಿ 256 ಅಕ್ಷರಗಳಿಗೊಮ್ಮೆ ಸಿಗುತ್ತದೆ. ಜೀನೋಮಿನ ತುಂಬ ಇಂಥ ಗುರುತುಗಳು ಲಕ್ಷಗಟ್ಟಲೆ. ಇದೊಂದನ್ನೇ ನಂಬಿ ಯಾವ ಕೋಶವೂ ತಾನು ಯಾರೆಂದು ನಿರ್ಧರಿಸಲಾಗದು.

ಆದ್ದರಿಂದ ಎಟ್ಸ್‌ಗೆ ಜೊತೆ ಬೇಕು. ಭ್ರೂಣದಲ್ಲಿ ಇಟಿವಿ2 ಎಂಬ ಎಟ್ಸ್ ಸದಸ್ಯ ಫಾಕ್ಸ್ ಕುಟುಂಬದ ಅಂಶದೊಂದಿಗೆ ಸೇರಿ, ಇಬ್ಬರ ಗುರುತುಗಳೂ ಬೆಸೆದುಕೊಂಡಿರುವ ತಾಣಗಳನ್ನು ಹಿಡಿಯುತ್ತದೆ. ಇಂಥ ಜೋಡಿ ಗುರುತು ಒಳಪದರದ ಅನೇಕ ಜೀನ್‌ಗಳ ವರ್ಧಕ ತಾಣಗಳಲ್ಲಿ, ಎಂದರೆ ಜೀನಿನ ಓದನ್ನು ಹೆಚ್ಚಿಸುವ ಡಿಎನ್‌ಎ ತುಣುಕುಗಳಲ್ಲಿ, ಇರುವುದನ್ನು 2008ರಲ್ಲಿ ತೋರಿಸಲಾಯಿತು. ಇಟಿವಿ2 ಇಲ್ಲದ ಇಲಿ ಭ್ರೂಣದಲ್ಲಿ ರಕ್ತವೂ ಇಲ್ಲ, ನಾಳವೂ ಇಲ್ಲ. ಇಷ್ಟು ಬಲವಾದ ಅಂಶ ಬದುಕುವುದು ಮಾತ್ರ ಅಲ್ಪಕಾಲ. ಮಡಿಕೆ ಬಿಡಿಸಿ, ತನ್ನ ಸೋದರರಾದ ಎರ್ಗ್ ಮತ್ತು ಫ್ಲೈ1ಗಳ ಕೈಗೆ ಕೆಲಸ ಒಪ್ಪಿಸಿ ತೆರೆಮರೆಗೆ ಸರಿಯುತ್ತದೆ. ಎರ್ಗ್ ಬೆಳೆದ ದೇಹದ ನಾಳಗಳಲ್ಲೂ ಉಳಿದು ಪುಟ ಮುಚ್ಚದಂತೆ ಕಾಯುತ್ತದೆ. (ಎರ್ಕ್ ಮತ್ತು ಎರ್ಗ್ ಬೇರೆಬೇರೆ. ಮೊದಲನೆಯದು ಕಿಣ್ವ, ಎರಡನೆಯದು ಲಿಪ್ಯಂತರ ಅಂಶ. ಹೆಸರಿಟ್ಟವರು ಓದುವವರ ಕಷ್ಟ ಯೋಚಿಸಿದಂತಿಲ್ಲ.)

ಈಗ ವಿಇಜಿಎಫ್ ಬರಲಿ. ಎದ್ದ ಎರ್ಕ್‌ಗೆ ಸಿಗುವುದು ಎರ್ಗ್, ಎಟ್ಸ್1, ಎಂಇಎಫ್2 ಮೊದಲೇ ಕಾದು ಕುಳಿತಿರುವ ತಾಣಗಳು. ಅಲ್ಲಿಗೆ ಪಿ300 ಎಂಬ ಕಿಣ್ವ ಬಂದು ಹಿಸ್ಟೋನ್‌ಗಳಿಗೆ ಅಸಿಟೈಲ್ ಗುಂಪು ಅಂಟಿಸುತ್ತದೆ, ಮಡಿಕೆ ಇನ್ನಷ್ಟು ಸಡಿಲವಾಗುತ್ತದೆ. ಅದೇ ಎರ್ಕ್ ಚರ್ಮದ ಕೋಶದಲ್ಲಿ ಎದ್ದರೆ ಬೇರೆ ಪುಟಗಳು ತೆರೆದಿರುತ್ತವೆ, ಬೇರೆ ಕಥೆ ಓದಿಸಿಕೊಳ್ಳುತ್ತದೆ. ಬೆಳವಣಿಗೆ ಸಂಕೇತವನ್ನು ಅಪ್ಪಣೆ ಎಂದು ವರ್ಣಿಸುವುದು ನನಗೆ ಒಪ್ಪಿಗೆಯಾಗದ್ದು ಇದಕ್ಕೇ. ಅದು ಬಾಗಿಲು ತಟ್ಟುವ ಸದ್ದು. ಒಳಗಿರುವವರು ಯಾರು ಎಂಬುದರ ಮೇಲೆ ಉತ್ತರ ನಿಂತಿದೆ.

ಇದಕ್ಕೆ ಪ್ರಯೋಗದ ಆಧಾರವೂ ಇದೆ. ಅಂಗಾಂಶಗಳ ನಡುವಿನ ಆಧಾರದ ನಾರು ತಯಾರಿಸುವ, ಮನುಷ್ಯರ ಫೈಬ್ರೊಬ್ಲಾಸ್ಟ್ ಕೋಶಗಳಲ್ಲಿ ಬಲವಂತವಾಗಿ ಇಟಿವಿ2 ಓದಿಸಿದರೆ ಅವುಗಳಲ್ಲಿ ಕೆಲವು ಒಳಪದರ ಕೋಶಗಳಂತೆ ವರ್ತಿಸತೊಡಗುತ್ತವೆ.

ಸಂಕೇತ ಜೀನನ್ನು ಹೊಸದಾಗಿ ಶುರು ಮಾಡುತ್ತದೆಯೇ, ಇಲ್ಲವೇ ವೇಗ ಹೆಚ್ಚಿಸುತ್ತದೆಯೇ?

ಎರಡೂ ಇದೆ, ಆದರೆ ಎರಡನೆಯದನ್ನು ನಾವು ಕಡೆಗಣಿಸುತ್ತೇವೆ. ಅನೇಕ ಜೀನ್‌ಗಳ ಆರಂಭದಲ್ಲಿ ನಕಲು ತೆಗೆಯುವ ಯಂತ್ರ, ಆರ್‌ಎನ್‌ಎ ಪಾಲಿಮರೇಸ್-2, ಕೆಲವು ಹತ್ತು ಅಕ್ಷರಗಳಷ್ಟು ಓದಿ ನಿಂತುಬಿಟ್ಟಿರುತ್ತದೆ, ಎಂಜಿನ್ ಆರಿಸದೆ ನಿಲ್ಲಿಸಿದ ವಾಹನದಂತೆ. ವಿಇಜಿಎಫ್ ಬಂದಾಗ ಎಟ್ಸ್1 ಮೂಲಕ ಹೀಗೆ ನಿಂತ ಯಂತ್ರಗಳು ಮುಂದಕ್ಕೆ ಬಿಡುಗಡೆಯಾಗುವುದನ್ನು ಕಂಡಿದ್ದಾರೆ. ನಿಮಿಷಗಳಲ್ಲಿ ಉತ್ತರ ಕೊಡಬೇಕಾದ ಕೋಶಕ್ಕೆ ಈ ಸಿದ್ಧತೆ ಬೇಕೇ ಬೇಕು.

ಅಕ್ಕಪಕ್ಕದ ಎರಡು ಕೋಶಗಳಿಗೆ ಒಂದೇ ವಿಇಜಿಎಫ್ ತಾಗಿದರೂ ಒಂದು ಮುಂದೆ ಹೊರಡುತ್ತದೆ, ಇನ್ನೊಂದು ಹಿಂದೆ ಉಳಿಯುತ್ತದೆ. ಏಕೆ?

ಅವು ಒಂದಕ್ಕೊಂದು ಮಾತಾಡಿಕೊಳ್ಳುವುದರಿಂದ. ಚಿಗುರಿನ ತುದಿಯಲ್ಲಿ ಒಂದು ನಾಯಕ ಕೋಶ ಇರುತ್ತದೆ. ಅದು ಎಳೆಎಳೆಯಾದ ಚಾಚುಗಳನ್ನು ಚೆಲ್ಲಿ ವಿಇಜಿಎಫ್ ಹೆಚ್ಚಿರುವತ್ತ ಸಾಗುತ್ತದೆ. ಹಿಂದಿನ ಕೋಶಗಳು ವಿಭಜಿಸಿ ಕಾಂಡವನ್ನು ಉದ್ದ ಮಾಡುತ್ತವೆ. ಈ ವಿಭಾಗವನ್ನು ಇಲಿಮರಿಗಳ ಅಕ್ಷಿಪಟದಲ್ಲಿ 2003ರಲ್ಲಿ ಸ್ಪಷ್ಟವಾಗಿ ಕಂಡರು.

ಎಲ್ಲ ಕೋಶಗಳೂ ನಾಯಕರಾದರೆ ನಾಳ ಹರಿದುಹೋಗುತ್ತದೆ. ತಡೆಯುವ ಬಗೆ ಹೀಗೆ. ವಿಇಜಿಎಫ್ ಸ್ವಲ್ಪ ಹೆಚ್ಚು ಪಡೆದ ಕೋಶ ಡಿಎಲ್‌ಎಲ್4 ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸಿ ತನ್ನ ಹೊರಮೈಯಲ್ಲಿ ಇಡುತ್ತದೆ. ಅದು ಪಕ್ಕದ ಕೋಶದ ನಾಚ್ ಎಂಬ ಗ್ರಾಹಕವನ್ನು ಹಿಡಿದು ಎಳೆಯುತ್ತದೆ. ನಾಚ್ ತುಂಡಾಗಿ, ಅದರ ಒಳಭಾಗ ನೇರವಾಗಿ ಕೋಶಕೇಂದ್ರಕ್ಕೆ ಹೋಗಿ ಆರ್‌ಬಿಪಿಜೆ ಎಂಬ ಅಂಶಕ್ಕೆ ಜೊತೆಯಾಗುತ್ತದೆ. ವಿಇಜಿಎಫ್ ಸುದ್ದಿ ಕೈಯಿಂದ ಕೈಗೆ ದಾಟುತ್ತಾ ಹಿಗ್ಗುತ್ತದೆ. ನಾಚ್‌ನಲ್ಲಿ ಹಿಗ್ಗುವಿಕೆ ಇಲ್ಲ, ಗ್ರಾಹಕವೇ ತುಂಡಾಗಿ ಸುದ್ದಿಯಾಗುತ್ತದೆ, ಒಂದು ಗ್ರಾಹಕಕ್ಕೆ ಒಂದೇ ಬಳಕೆ. ಹಾಗೆ ಹೋದ ತುಂಡು ಹೆಸ್ ಮತ್ತು ಹೇ ಎಂಬ ತಡೆಗಾರ ಜೀನ್‌ಗಳನ್ನು ಓದಿಸುತ್ತದೆ. ವಿಇಜಿಎಫ್ ಗ್ರಾಹಕ-2 ಮತ್ತು 3 ಇಳಿಯುತ್ತವೆ, ಗ್ರಾಹಕ-1 ಏರುತ್ತದೆ. ಪಕ್ಕದ ಕೋಶದ ಕಿವಿಯೇ ಮಂದವಾಯಿತು ಎನ್ನಿ. ಡಿಎಲ್‌ಎಲ್4 ತಡೆದ ಇಲಿಗಳಲ್ಲಿ ಚಿಗುರುಗಳು ಮಿತಿಮೀರಿ ಎದ್ದು, ಕವಲುಗಳು ದಟ್ಟವಾಗಿದ್ದರೂ ರಕ್ತ ಸರಿಯಾಗಿ ಹರಿಯುವುದಿಲ್ಲ.

ನಾಯಕತ್ವ ಕಾಯಂ ಅಲ್ಲ. ಚಿಗುರು ಸಾಗುತ್ತಿರುವಾಗಲೇ ಹಿಂದಿನ ಕೋಶ ಮುಂದಿನದನ್ನು ದಾಟಿ ತುದಿಗೆ ಬರುತ್ತದೆ.

ಅಪಧಮನಿ ಯಾವುದು, ಅಭಿಧಮನಿ ಯಾವುದು ಎಂದು ನಿರ್ಧಾರವಾಗುವುದೂ ಇದೇ ಸಂಕೇತಗಳಿಂದಲೇ?

ಬಹುಮಟ್ಟಿಗೆ. ವಿಇಜಿಎಫ್ ಮತ್ತು ಎರ್ಕ್ ಜೋರಾಗಿರುವಲ್ಲಿ, ನಾಚ್ ಎದ್ದಲ್ಲಿ ಅಪಧಮನಿಯ ಜೀನ್‌ಗಳು ಓದಿಸಿಕೊಳ್ಳುತ್ತವೆ. ಅಭಿಧಮನಿಯಲ್ಲಿ ಕೂಪ್-ಟಿಎಫ್2 ಎಂಬ ಅಂಶ ನಾಚ್ ಹಾದಿಯನ್ನು ಅದುಮಿಡುತ್ತದೆ. ಅಭಿಧಮನಿಯ ಕೆಲವು ಕೋಶಗಳಲ್ಲಿ ಪ್ರಾಕ್ಸ್1 ಎಂಬ ಲಿಪ್ಯಂತರ ಅಂಶ ಎದ್ದರೆ ಅವು ದುಗ್ಧನಾಳದ ದಾರಿ ಹಿಡಿಯುತ್ತವೆ.

ಇಲ್ಲೊಂದು ವಿಚಿತ್ರವಿದೆ. ಅಪಧಮನಿಯ ಗುಣ ಬರಬೇಕಾದರೆ ಕೋಶ ವಿಭಜನೆ ನಿಲ್ಲಬೇಕು. ರಕ್ತದ ಹರಿವು ನಾಚ್ ಅನ್ನು ಎಬ್ಬಿಸಿ, ಪಿ27 ಎಂಬ ತಡೆಯ ಮೂಲಕ ಕೋಶಚಕ್ರವನ್ನು ನಿಲ್ಲಿಸುತ್ತದೆ, ಆಗ ಅಪಧಮನಿಯ ಜೀನ್‌ಗಳಿಗೆ ದಾರಿಯಾಗುತ್ತದೆ. ಬೆಳವಣಿಗೆ ಸಂಕೇತವೂ ಅತಿಯಾದರೆ ಕೋಶ ವಿಭಜಿಸುವ ಬದಲು ಸ್ತಬ್ಧವಾಗುವುದನ್ನು ಇಲಿಗಳ ಅಕ್ಷಿಪಟದಲ್ಲಿ ಕಂಡಿದ್ದಾರೆ. ಹೆಚ್ಚು ಸಂಕೇತ ಎಂದರೆ ಹೆಚ್ಚು ಬೆಳವಣಿಗೆ ಎಂಬ ಸರಳ ಗಣಿತ ಇಲ್ಲಿ ನಡೆಯುವುದಿಲ್ಲ.

ನಿಲ್ಲಿಸುವವರು ಯಾರು?

ಹಲವರು, ಹಾಗೂ ಅವರಲ್ಲಿ ಕೆಲವರನ್ನು ನೇಮಿಸುವುದು ವಿಇಜಿಎಫ್ ತಾನೇ. ಎನ್‌ಫ್ಯಾಟ್ ಓದಿಸುವ ಜೀನ್‌ಗಳಲ್ಲಿ ಆರ್‌ಕ್ಯಾನ್1 ಒಂದು. ಅದರ ಪ್ರೋಟೀನು ಹಿಂದಿರುಗಿ ಕ್ಯಾಲ್ಸಿನ್ಯೂರಿನ್ನನ್ನೇ ಹಿಡಿದು ಎನ್‌ಫ್ಯಾಟ್‌ನ ದಾರಿ ಮುಚ್ಚುತ್ತದೆ. ಈ ಜೀನ್ ಇರುವುದು 21ನೆಯ ವರ್ಣತಂತುವಿನಲ್ಲಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಅದರ ಮೂರು ಪ್ರತಿಗಳಿರುತ್ತವೆ. ಅವರಲ್ಲಿ ಗಟ್ಟಿ ಗಡ್ಡೆಯ ಕ್ಯಾನ್ಸರುಗಳು ಕಡಿಮೆ ಕಾಣಿಸುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ಇಲಿಗಳ ಪ್ರಯೋಗಗಳು ಸೂಚಿಸಿವೆ.

ಗ್ರಾಹಕ-1ರ ಪಾತ್ರ ಬೇರೆ. ವಿಇಜಿಎಫ್‌ನ್ನು ಅದು ಗ್ರಾಹಕ-2ಕ್ಕಿಂತ ಸುಮಾರು ಹತ್ತು ಪಟ್ಟು ಬಿಗಿಯಾಗಿ ಹಿಡಿಯುತ್ತದೆ, ಆದರೆ ಒಳಕ್ಕೆ ಕಳಿಸುವ ಸುದ್ದಿ ತೀರ ಕ್ಷೀಣ. ಅದರ ಕರಗುವ ರೂಪವೊಂದು ಕೋಶದ ಹೊರಗೆ ತೇಲುತ್ತಾ ವಿಇಜಿಎಫ್ ಹೀರಿಕೊಳ್ಳುತ್ತದೆ. ಕಣ್ಣಿನ ಮುಂಭಾಗದ ಕಾರ್ನಿಯಾ ರಕ್ತನಾಳಗಳಿಲ್ಲದೆ ಪಾರದರ್ಶಕವಾಗಿರುವುದರಲ್ಲಿ ಇದರ ಪಾಲಿದೆ. ಇದೇ ರೂಪ ಗರ್ಭಿಣಿಯ ರಕ್ತದಲ್ಲಿ ಮಿತಿಮೀರಿದಾಗ ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯಾ ಕಾಯಿಲೆಗೆ ನಂಟಾಗುತ್ತದೆ.

ಇನ್ನು ಫಾಕ್ಸೊ1 ಎಂಬ ಲಿಪ್ಯಂತರ ಅಂಶ. ಬೆಳವಣಿಗೆ ಸಂಕೇತ ಜೋರಾಗಿರುವಾಗ ಎಕೆಟಿ ಎಂಬ ಕಿಣ್ವ ಇದನ್ನು ಕೋಶಕೇಂದ್ರದಿಂದ ಹೊರಗಿಟ್ಟಿರುತ್ತದೆ. ಸಂಕೇತ ಇಳಿದಾಗ ಫಾಕ್ಸೊ1 ಮರಳಿ ಒಳಬಂದು ಮಿಕ್ ಎಂಬ ಬೆಳವಣಿಗೆಯ ಜೀನನ್ನು ತಗ್ಗಿಸಿ ಕೋಶವನ್ನು ಮಲಗಿಸುತ್ತದೆ.

ರಕ್ತದ ಹರಿವಿಗೂ ಜೀನ್‌ಗಳಿಗೂ ಸಂಬಂಧ ಇದೆಯೇ?

ಹರಿವೂ ಒಂದು ಸಂಕೇತವೇ. ರಕ್ತ ಒಳಪದರವನ್ನು ತಿಕ್ಕುತ್ತಾ ಸಾಗುವಾಗ ಎರ್ಕ್5 ಎಂಬ ಬೇರೊಂದು ಕಿಣ್ವ ಎದ್ದು, ಎಂಇಎಫ್2 ಮೂಲಕ ಕೆಎಲ್‌ಎಫ್2 ಜೀನನ್ನು ಓದಿಸುತ್ತದೆ. ಕೆಎಲ್‌ಎಫ್2 ವಿಇಜಿಎಫ್ ಗ್ರಾಹಕ-2ನ್ನು ತಗ್ಗಿಸುತ್ತದೆ, ನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನು ಹೆಚ್ಚಿಸುತ್ತದೆ. ರಕ್ತ ಹರಿಯತೊಡಗಿತು, ಇನ್ನು ಚಿಗುರುವುದು ಸಾಕು ಎಂಬ ಅರ್ಥ. ಅದೇ ಎಂಇಎಫ್2 ಇಲ್ಲಿ ಶಾಂತಿಯ ಪರವಾಗಿ ನಿಂತದ್ದನ್ನು ನೋಡಿ.

ಹಾಗೆಂದು ಕೆಎಲ್‌ಎಫ್2 ಸಜ್ಜನ, ವಿಇಜಿಎಫ್ ತುಂಟ ಎಂದು ಹೆಸರಿಡಬೇಡಿ. ಮಿದುಳಿನ ಕ್ಯಾವರ್ನಸ್ ನಾಳವಿಕೃತಿ ಎಂಬ ಆನುವಂಶಿಕ ಕಾಯಿಲೆಯಲ್ಲಿ ಕೆಎಲ್‌ಎಫ್2 ಮತ್ತು ಕೆಎಲ್‌ಎಫ್4 ಕಡಿವಾಣ ತಪ್ಪಿ ಏರುವುದರಿಂದಲೇ ನಾಳಗಳು ಉಬ್ಬಿ ಗುಳ್ಳೆಗಳಾಗುತ್ತವೆ.

ವಿಇಜಿಎಫ್ ಒಂದೇ ಸಾಕೇ?

ಸಾಲದು. ಎಫ್‌ಜಿಎಫ್ ಎಂಬ ಇನ್ನೊಂದು ಬೆಳವಣಿಗೆ ಅಂಶದ ಸಂಕೇತ ಎರ್ಕ್ ಮತ್ತು ಎಟ್ಸ್ ಮೂಲಕ ವಿಇಜಿಎಫ್ ಗ್ರಾಹಕ-2ರ ಜೀನನ್ನೇ ಓದಿಸುತ್ತಿರುತ್ತದೆ, ಅಂದರೆ ವಿಇಜಿಎಫ್ ಕೇಳಿಸಿಕೊಳ್ಳಲು ಬೇಕಾದ ಕಿವಿ ಎಫ್‌ಜಿಎಫ್ ಕೊಟ್ಟದ್ದು. ಬಿಎಂಪಿ9 ಎಂಬ ಅಂಶ ಸ್ಮ್ಯಾಡ್ ಪ್ರೋಟೀನುಗಳ ಮೂಲಕ ನಾಳಗಳನ್ನು ಶಾಂತವಾಗಿಡುತ್ತದೆ. ಆ ಹಾದಿಯ ಎಂಡೊಗ್ಲಿನ್ ಅಥವಾ ಆಲ್ಕ್1 ಜೀನ್ ಕೆಟ್ಟರೆ ಮೂಗಿನಿಂದ ಪದೇ ಪದೇ ರಕ್ತ ಸುರಿಯುವ ಆನುವಂಶಿಕ ಕಾಯಿಲೆ ಬರುತ್ತದೆ. ನಾಯಕ ಕೋಶಗಳು ಸೂಸುವ ಪಿಡಿಜಿಎಫ್-ಬಿ ಆಧಾರ ಕೋಶಗಳಾದ ಪೆರಿಸೈಟ್‌ಗಳನ್ನು ಕರೆತರುತ್ತದೆ.

ಸೂಕ್ಷ್ಮ ಆರ್‌ಎನ್‌ಎಗಳ ಪಾತ್ರ?

ಇವು ಜೀನ್‌ಗಳ ನಕಲುಗಳನ್ನು ಅದುಮುವ ಪುಟ್ಟ ಆರ್‌ಎನ್‌ಎ ತುಣುಕುಗಳು. ಒಂದು ಉದಾಹರಣೆ ಸಾಕು. ಮೈಆರ್-126 ಎಂಬ ಸೂಕ್ಷ್ಮ ಆರ್‌ಎನ್‌ಎ ಒಳಪದರ ಕೋಶಗಳಲ್ಲಿ ಹೇರಳ. ಅದು ಸ್ಪ್ರೆಡ್1 ಎಂಬ ತಡೆಗಾರನ ನಕಲುಗಳನ್ನು ಅದುಮಿ ವಿಇಜಿಎಫ್ ಸುದ್ದಿಗೆ ದಾರಿ ಸುಗಮಗೊಳಿಸುತ್ತದೆ.

ವಿಇಜಿಎಫ್ ಪ್ರಮಾಣ ಎಷ್ಟು ನಿಖರವಾಗಿರಬೇಕು?

1996ರಲ್ಲಿ ಎರಡು ತಂಡಗಳು ಇಲಿಯ ಎರಡು ವಿಇಜಿಎಫ್ ಜೀನ್ ಪ್ರತಿಗಳಲ್ಲಿ ಒಂದನ್ನು ಮಾತ್ರ ತೆಗೆದವು. ಇನ್ನೊಂದು ಪ್ರತಿ ಸರಿಯಾಗಿಯೇ ಇತ್ತು. ಆದರೂ ಭ್ರೂಣಗಳು 11–12ನೆಯ ದಿನದ ಸುಮಾರಿಗೆ ಸತ್ತವು. ಹೆಚ್ಚಿನ ಜೀನ್‌ಗಳಲ್ಲಿ ಒಂದು ಪ್ರತಿ ಹೋದರೆ ಪ್ರಾಣಿ ಅದನ್ನು ಗಮನಿಸುವುದೂ ಇಲ್ಲ.

ಹೃದಯದ ನಾಳ ಕಟ್ಟಿಕೊಂಡವರಿಗೆ ವಿಇಜಿಎಫ್ ಕೊಟ್ಟು ಹೊಸ ನಾಳ ಬೆಳೆಸಬಾರದೇ?

ಈ ಆಸೆ ಹಳೆಯದು. ಪ್ರೋಟೀನನ್ನೂ ಜೀನನ್ನೂ ರೋಗಿಗಳಿಗೆ ಕೊಟ್ಟು ನೋಡಲಾಗಿದೆ, ಮೊದಲ ಸಣ್ಣ ಪ್ರಯೋಗಗಳ ಉತ್ಸಾಹ ದೊಡ್ಡ ತುಲನಾತ್ಮಕ ಪ್ರಯೋಗಗಳಲ್ಲಿ ಉಳಿಯಲಿಲ್ಲ. ಹಿಂದಿನ ಉತ್ತರಗಳನ್ನು ಓದಿದವರಿಗೆ ಇದು ಅಚ್ಚರಿಯಾಗಬಾರದು. ಇಲಿಯ ಸ್ನಾಯುವಿನಲ್ಲಿ ವಿಇಜಿಎಫ್ ಸೂಸುವ ಕೋಶಗಳನ್ನು ಇಟ್ಟ ಪ್ರಯೋಗದಲ್ಲಿ, ಕೋಶವೊಂದರ ಸುತ್ತಲಿನ ಸಾಂದ್ರತೆ ಒಂದು ಮಿತಿಯೊಳಗಿದ್ದರೆ ಸಹಜ ಲೋಮನಾಳ ಬೆಳೆಯಿತು, ಮಿತಿ ದಾಟಿದಲ್ಲಿ ವಿಕೃತ ನಾಳಗಂಟು ಬೆಳೆಯಿತು. ಇಡೀ ಸ್ನಾಯುವಿನ ಸರಾಸರಿ ಪ್ರಮಾಣ ಲೆಕ್ಕಕ್ಕೆ ಬರಲಿಲ್ಲ. ರಕ್ತಕ್ಕೆ ಚುಚ್ಚಿದ ವಿಇಜಿಎಫ್ ಯಾವ ಕೋಶದ ಪಕ್ಕ ಎಷ್ಟು ಹೊತ್ತು ನಿಲ್ಲಬೇಕೆಂದು ಯಾರು ಹೇಳಬೇಕು? ಜೊತೆಗೆ ಸೋರುವಿಕೆಯ ಕಾಟ ಬೇರೆ.

ತಡೆಯುವುದಾದರೂ ಸುಲಭವೇ?

ಕೊಡುವುದಕ್ಕಿಂತ ಸುಲಭವಾಗಿ ಕೈಗೂಡಿತು. ಗಡ್ಡೆ ಬೆಳೆಯಲು ನಾಳಗಳು ಬೇಕು, ಅವನ್ನು ತಡೆದರೆ ಗಡ್ಡೆಯನ್ನು ಹಿಡಿದಿಡಬಹುದು ಎಂದು ಜೂಡಾ ಫೋಕ್‌ಮನ್ 1971ರಲ್ಲಿ ವಾದಿಸಿದ್ದರು. ವಿಇಜಿಎಫ್ ಹಿಡಿದುಹಾಕುವ ಬೆವಾಸಿಜುಮಾಬ್ ಎಂಬ ಪ್ರತಿಕಾಯಕ್ಕೆ 2004ರಲ್ಲಿ ಅಮೆರಿಕದಲ್ಲಿ, ಹರಡಿದ ದೊಡ್ಡಕರುಳಿನ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿತು. ಆದರೆ ಕ್ಯಾನ್ಸರಿನಲ್ಲಿ ಅದರ ಲಾಭ ಹೆಚ್ಚಾಗಿ ತಿಂಗಳುಗಳ ಲೆಕ್ಕದ್ದು. ಒಂದು ಸಂಕೇತ ಮುಚ್ಚಿದರೆ ಗಡ್ಡೆ ಎಫ್‌ಜಿಎಫ್‌ನಂಥ ಬೇರೊಂದನ್ನು ಹಿಡಿಯುತ್ತದೆ. ಈ ಔಷಧಿಗಳ ನಿಜವಾದ ಗೆಲುವು ಕಣ್ಣಿನಲ್ಲಿ. ವಯಸ್ಸಾದವರ ಅಕ್ಷಿಪಟದಡಿ ಸೋರುವ ನಾಳಗಳು ಬೆಳೆಯುವ ಕಾಯಿಲೆಗೆ 2006ರಲ್ಲಿ ರಾನಿಬಿಜುಮಾಬ್, 2011ರಲ್ಲಿ ಅಫ್ಲಿಬರ್ಸೆಪ್ಟ್ ಬಂದವು. ಎರಡನೆಯದನ್ನು ಕಟ್ಟಿದ್ದು ಗ್ರಾಹಕ-1 ಮತ್ತು 2ರ ತುಂಡುಗಳಿಂದ. ಕಾರ್ನಿಯಾ ತನ್ನಷ್ಟಕ್ಕೆ ಬಳಸುತ್ತಿದ್ದ ಉಪಾಯವನ್ನೇ ಸೂಜಿಯಲ್ಲಿ ತುಂಬಿದಂತಾಯಿತು.

ಇದೆಲ್ಲ ಇಲಿಗಳಲ್ಲಿ ಕಂಡದ್ದಲ್ಲವೇ? ಮನುಷ್ಯರಿಗೆ ಎಷ್ಟು ಅನ್ವಯ?

ಹಾದಿಗಳ ಚೌಕಟ್ಟು ಒಂದೇ. ಮನುಷ್ಯರ ಆನುವಂಶಿಕ ಕಾಯಿಲೆಗಳೇ ಅದಕ್ಕೆ ಸಾಕ್ಷಿ. ಲೆಕ್ಕಾಚಾರದಲ್ಲಿ ಮಾತ್ರ ಎಚ್ಚರ ಬೇಕು. ಮನುಷ್ಯ ಕೋಶಗಳ ಮೇಲಿನ ಬಹುಪಾಲು ಮಾಹಿತಿ ಬಂದಿರುವುದು ಹೊಕ್ಕುಳಬಳ್ಳಿಯ ಅಭಿಧಮನಿಯಿಂದ ತೆಗೆದು ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಂದ. ಅವುಗಳ ಮೇಲೆ ರಕ್ತ ಹರಿಯುವುದಿಲ್ಲ, ಪಕ್ಕದಲ್ಲಿ ಪೆರಿಸೈಟ್ ಇಲ್ಲ, ಕೆಲವು ಪೀಳಿಗೆಗಳ ನಂತರ ಅವು ತಮ್ಮ ಗುಣವನ್ನೂ ಕಳೆದುಕೊಳ್ಳುತ್ತವೆ. ಪಾರದರ್ಶಕವಾದ ಜೀಬ್ರಾಮೀನಿನ ಭ್ರೂಣದಲ್ಲಿ ನಾಳ ಚಿಗುರುವುದನ್ನು ಸೂಕ್ಷ್ಮದರ್ಶಕದಡಿ ಬದುಕಿರುವಾಗಲೇ ನೋಡಬಹುದು. ತಟ್ಟೆಯಲ್ಲಿ ಕಂಡ ಜೀನ್ ಬದಲಾವಣೆ ಮೀನಿನಲ್ಲೋ ಇಲಿಯಲ್ಲೋ ಹರಿವಿನ ನಡುವೆಯೂ ಕಂಡರೆ ನಾನು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ, ತಟ್ಟೆಯಲ್ಲಿ ಮಾತ್ರ ಕಂಡಿದ್ದರೆ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತೇನೆ.